ಫಿಲಿಸ್ ಶ್ಲಾಫ್ಲಿ: "ಮನೆಯೇ ಚೆಂದ" ಎನ್ನುತ್ತಾ ದೇಶವೆಲ್ಲ ತಿರುಗಿದ ಹೆಂಗಸು. ನಿಮಗೇನನ್ನಿಸುತ್ತದೆ?

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ಕಳೆದ ವಾರ ಜ್ವರ ಬಂದು ಮಲಗಿದ್ದೆ. ಬೇರೆ ಕೆಲಸ ಇಲ್ಲದೆ ಅಮೆರಿಕದ 1970ರ ದಶಕದ ಹೆಂಗಸರ ಹೋರಾಟದ ಬಗ್ಗೆ ಒಂದು ಸರಣಿ ನೋಡಿ ಮುಗಿಸಿದೆ. ಅದರಲ್ಲಿ ಬರುವ ಫಿಲಿಸ್ ಶ್ಲಾಫ್ಲಿ ತಲೆಯೊಳಗೆ ಕೂತುಬಿಟ್ಟಿದ್ದಾಳೆ. ಆಮೇಲೆ ಒಂದಷ್ಟು ಓದಿಕೊಂಡೆ.

ನೀವೇ ನೋಡಿ. 1924ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿದ ಕ್ಯಾಥೊಲಿಕ್ ಹೆಣ್ಣುಮಗಳು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ತಯಾರಾದ ಗುಂಡುಗಳನ್ನು ಹಾರಿಸಿ ಪರೀಕ್ಷೆ ಮಾಡುವ ಕೆಲಸ. ಹಗಲು ಕಾಲೇಜು. 1944ರಲ್ಲಿ ಡಿಗ್ರಿ, ಮರುವರ್ಷ ರ್‍ಯಾಡ್‌ಕ್ಲಿಫ್‌ನಲ್ಲಿ ಎಂ.ಎ. 1952 ಮತ್ತು 1970ರಲ್ಲಿ ಸಂಸತ್ತಿನ ಚುನಾವಣೆಗೆ ನಿಂತು ಎರಡೂ ಸಲ ಸೋಲು. ಆರು ಮಕ್ಕಳು. ಐವತ್ತು ದಾಟಿದ ಮೇಲೆ ಕಾನೂನು ಓದಿ 1978ರಲ್ಲಿ ಆ ಪದವಿಯನ್ನೂ ತಗೊಂಡಳು. ಇಷ್ಟೆಲ್ಲ ಮಾಡಿದವಳು ದೇಶವೆಲ್ಲ ತಿರುಗಿ ಹೇಳಿದ್ದೇನು? ಹೆಣ್ಣಿಗೆ ಮನೆಯೇ ಚೆಂದ, ಸಂವಿಧಾನಕ್ಕೆ ಸಮಾನ ಹಕ್ಕಿನ ತಿದ್ದುಪಡಿ ಬೇಡ! ಆ ತಿದ್ದುಪಡಿಯನ್ನು ಒಬ್ಬಳೇ ಕೆಡವಿದಳು ಅಂತಲೂ ಹೇಳುತ್ತಾರೆ.

ಇದು ಬೂಟಾಟಿಕೆಯಾ, ಅಥವಾ ನನಗೆ ಹೊಳೆಯದ್ದು ಏನಾದರೂ ಇದೆಯಾ? ಇನ್ನೊಂದು ಪ್ರಶ್ನೆ. ಅವಳು ಊರೂರು ಸುತ್ತುವಾಗ ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದರು?

ಗುಂಡಣ್ಣ:
ಬೂಟಾಟಿಕೆ. ಮುಂದಿನ ಪ್ರಶ್ನೆ ಕೇಳಿ.

ಹಳೇಕೋಟು:
ಗುಂಡಣ್ಣನವರೇ, ಅಷ್ಟು ಬೇಗ ಕೇಸು ಮುಗಿಸಬೇಡಿ. ಮೊದಲು ಆ ತಿದ್ದುಪಡಿ ಏನು ಅಂತ ನೋಡೋಣ.

ಇಂಗ್ಲಿಷಿನಲ್ಲಿ ಎಣಿಸಿದರೆ ಬರೀ 24 ಪದದ ಒಂದು ವಾಕ್ಯ. ಕಾನೂನಿನ ಅಡಿಯಲ್ಲಿರುವ ಸಮಾನ ಹಕ್ಕನ್ನು ಲಿಂಗದ ಕಾರಣಕ್ಕೆ ಕೇಂದ್ರವಾಗಲಿ ಯಾವುದೇ ರಾಜ್ಯವಾಗಲಿ ನಿರಾಕರಿಸುವಂತಿಲ್ಲ, ಮೊಟಕು ಮಾಡುವಂತಿಲ್ಲ. ಇಷ್ಟೇ. ಆಲಿಸ್ ಪಾಲ್ ಎನ್ನುವ ಹೋರಾಟಗಾರ್ತಿ 1923ರಲ್ಲೇ ಇದರ ಮೊದಲ ಕರಡು ಮುಂದಿಟ್ಟಿದ್ದರು. ಐವತ್ತು ವರ್ಷ ಧೂಳು ತಿಂದು, 1972ರ ಮಾರ್ಚ್ 22ರಂದು ಸೆನೆಟ್‌ನಲ್ಲಿ 84–8 ಮತಗಳಿಂದ ಪಾಸಾಯಿತು. ಆದರೆ ಅಲ್ಲಿ ಸಂಸತ್ತು ಒಪ್ಪಿದರೆ ಸಾಲದು. ನಾಲ್ಕರಲ್ಲಿ ಮೂರು ಪಾಲು ರಾಜ್ಯಗಳು, ಅಂದರೆ 50ರಲ್ಲಿ 38, ಒಪ್ಪಬೇಕು. ಹವಾಯಿ ಅದೇ ದಿನ ಒಪ್ಪಿತು. ವರ್ಷ ತುಂಬುವಷ್ಟರಲ್ಲಿ 30 ರಾಜ್ಯಗಳಾದವು. ಇನ್ನು ಎಂಟು. ಗೆದ್ದೆವು ಅಂತಲೇ ಎಲ್ಲರೂ ಅಂದುಕೊಂಡಿದ್ದರು.

ಆಮೇಲೆ ಗಾಡಿ ನಿಂತಿತು. 1974ರಲ್ಲಿ ಮೂರು, 1975ರಲ್ಲಿ ಒಂದು, 1977ರಲ್ಲಿ ಒಂದು. 35ಕ್ಕೆ ನಿಂತದ್ದು ಮುಂದೆ ಹೋಗಲಿಲ್ಲ. ಮೊದಲು ಒಪ್ಪಿದ್ದ ಐದು ರಾಜ್ಯಗಳು "ನಾವು ವಾಪಸ್ ತಗೊಂಡೆವು" ಎಂದವು. 1979ರ ಗಡುವನ್ನು 1982ರ ಜೂನ್ 30ರವರೆಗೆ ಎಳೆದರೂ ಪ್ರಯೋಜನ ಆಗಲಿಲ್ಲ. ನಡುವೆ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟವರು ಈಯಮ್ಮ.

ಮಸಾಲೆಪುರಿ:
ಸರ್, ನಿಮ್ಮ ಪೋಸ್ಟ್ ಓದಿದರೆ ಕೋರ್ಟ್ ಹಾಲಿನ ಫ್ಯಾನ್ ಸದ್ದು ಕೇಳಿಸುತ್ತದೆ 😄 ಆದರೆ ಚೆನ್ನಾಗಿ ಹೇಳಿದಿರಿ.

ಕಡಲತೀರ:
ಇಲ್ಲಿ ಯಾರೂ ಗಮನಿಸದ ಒಂದು ವಿಷಯ ಉಂಟು ಮಾರಾಯ್ರೆ. ಆಕೆಗೆ ಆ ತಿದ್ದುಪಡಿಯಲ್ಲಿ ಮೊದಲು ಆಸಕ್ತಿಯೇ ಇರಲಿಲ್ಲ! ಆಕೆಯ ಪ್ರೀತಿಯ ವಿಷಯ ಅಣ್ವಸ್ತ್ರ, ಕ್ಷಿಪಣಿ, ಸೋವಿಯತ್ ರಷ್ಯಾ. ಚೆಸ್ಟರ್ ವಾರ್ಡ್ ಎಂಬ ನಿವೃತ್ತ ಅಡ್ಮಿರಲ್ ಜೊತೆ ಸೇರಿ ರಕ್ಷಣಾ ನೀತಿಯ ಮೇಲೆ ಪುಸ್ತಕಗಳನ್ನು ಬರೆದಿದ್ದಾರೆ. ಆಗ ಅಮೆರಿಕದ ವಿದೇಶಾಂಗ ನೀತಿ ನಡೆಸುತ್ತಿದ್ದ ಕಿಸಿಂಜರ್ ಮೇಲೆ ಬರೆದದ್ದು 800 ಪುಟ ದಾಟುತ್ತದೆ. 1971ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್‌ನಲ್ಲಿ ಒಂದು ಚರ್ಚೆಗೆ ಕರೆದಾಗ "ನಾನು ರಕ್ಷಣೆ ಬಗ್ಗೆ ಮಾತಾಡುತ್ತೇನೆ, ಇದು ಬೇಡ" ಎಂದರಂತೆ. ಕರೆದವರು ಓದಲು ಕಾಗದಪತ್ರ ಕಳಿಸಿದರು. ಓದಿದ್ದೇ ಓದಿದ್ದು, 1972ರ ಫೆಬ್ರವರಿಯಲ್ಲಿ ತಮ್ಮ ನಾಲ್ಕು ಪುಟದ ಪತ್ರಿಕೆಯಲ್ಲಿ ಆ ತಿದ್ದುಪಡಿಯನ್ನು ಹರಿದು ಹಂಚಿದರು.

ಅದಕ್ಕೂ ಮೊದಲೇ ಅವರು ಹೆಸರು ಮಾಡಿದ್ದರು. 1964ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತ ಬ್ಯಾರಿ ಗೋಲ್ಡ್‌ವಾಟರ್ ಪರವಾಗಿ "ಎ ಚಾಯ್ಸ್ ನಾಟ್ ಆ್ಯನ್ ಎಕೋ" ಎಂಬ ಪುಟ್ಟ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ನ್ಯೂಯಾರ್ಕಿನ ದುಡ್ಡಿನವರು ಗುಟ್ಟಾಗಿ ರಿಪಬ್ಲಿಕನ್ ಅಭ್ಯರ್ಥಿಯನ್ನು ಆರಿಸುತ್ತಾರೆ ಅನ್ನುವುದು ಅದರ ತಿರುಳು. ಸುಮಾರು 30 ಲಕ್ಷ ಪ್ರತಿ ಹೋಯಿತು. ಗೋಲ್ಡ್‌ವಾಟರ್ ಗೆದ್ದದ್ದು ಆರೇ ರಾಜ್ಯ, ಅದು ಬೇರೆ ಮಾತು.

ಗುಂಡಣ್ಣ:
ಅಂದರೆ ಬೂಟಾಟಿಕೆ ಜೊತೆಗೆ ಕ್ಷಿಪಣಿ. ಇನ್ನೂ ಒಳ್ಳೇದಾಯ್ತು.

ಶಾಲ್ಮಲೆ:
ಗುಂಡಣ್ಣ, ನಿಮಗೊಂದು ಮಾತು ಹೇಳಲಾ? ನಾನು ಎಂ.ಕಾಂ. ಮಾಡಿದವಳು. ಮಕ್ಕಳಾದ ಮೇಲೆ ಕೆಲಸ ಬಿಟ್ಟೆ, ನನ್ನಿಷ್ಟದಿಂದಲೇ. ಹೋದ ತಿಂಗಳು ಬ್ಯಾಂಕಿನಲ್ಲಿ ಫಾರಂ ತುಂಬುವಾಗ "ಉದ್ಯೋಗ" ಅನ್ನುವ ಜಾಗದಲ್ಲಿ ಪೆನ್ನು ನಿಂತಿತು. ಕೌಂಟರಿನ ಹುಡುಗಿ ನನ್ನ ಮುಖ ನೋಡಿ, ತಾನೇ ಫಾರಂ ಎಳೆದುಕೊಂಡು "ಏನೂ ಇಲ್ಲ ಅಲ್ವಾ ಮೇಡಂ?" ಎಂದು ಒಂದು ಗೀಟು ಹಾಕಿದಳು. ಆ ಗೀಟು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತೂವರೆಗೆ ಗ್ಯಾಸ್ ಕಟ್ಟೆ ಒರೆಸುವವಳ ಉದ್ಯೋಗ ಒಂದು ಗೀಟು.

ಶ್ಲಾಫ್ಲಿ ಮಾತಾಡಿದ್ದು ಈ ಗೀಟಿನವರ ಹತ್ತಿರ. ಹೋರಾಟದ ಕಡೆಯವರು ಆಫೀಸು, ಸಂಬಳ, ಬಡ್ತಿ ಅಂತ ಮಾತಾಡುವಾಗ ಮನೆಯಲ್ಲಿದ್ದವರಿಗೆ "ನಾವು ದಡ್ಡರಾ ಹಾಗಾದರೆ?" ಅನ್ನಿಸಿರಬೇಕು. ಈಕೆ ಬಂದು "ನೀವು ಮಾಡುತ್ತಿರುವುದು ದೊಡ್ಡ ಕೆಲಸ" ಎಂದಳು. ಅಷ್ಟಕ್ಕೇ ಅವರು ಹಿಂದೆ ಹೋದರು. ಅವಳು ಹೇಳಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಆದರೆ ಯಾಕೆ ಗೆದ್ದಳು ಅನ್ನುವುದು ನನಗೆ ಅರ್ಥವಾಗುತ್ತದೆ.

ಬೆಣ್ಣೆದೋಸೆ:
ಶಾಲ್ಮಲೆ ಅಕ್ಕ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಲೆಕ್ಕದಮೇಷ್ಟ್ರು:
ಶಾಲ್ಮಲೆಯವರ ನೋವು ನಿಜ. ಆದರೆ ಲೆಕ್ಕ ಬೇರೆ ಇದೆ. ಶ್ಲಾಫ್ಲಿಯ ಸಂಘಟನೆಯ ಹೆಸರು "ಸ್ಟಾಪ್". ಬಿಡಿಸಿದರೆ "ನಮ್ಮ ಸವಲತ್ತು ಕಿತ್ತುಕೊಳ್ಳುವುದನ್ನು ನಿಲ್ಲಿಸಿ" ಅಂತ. ಯಾವ ಸವಲತ್ತು? ಗಂಡ ಸಾಕಬೇಕು, ಗಂಡನ ಪಿಂಚಣಿಯಲ್ಲಿ ಹೆಂಡತಿಗೆ ಪಾಲು ಇರಬೇಕು, ಹೆಣ್ಣುಮಕ್ಕಳನ್ನು ಸೈನ್ಯಕ್ಕೆ ಕಡ್ಡಾಯವಾಗಿ ಎಳೆಯಬಾರದು. ಇದೆಲ್ಲ ಸಿಗುವುದು ಒಳ್ಳೆಯ ಗಂಡ, ಅದರಲ್ಲೂ ದುಡಿಯುವ ಗಂಡ ಇದ್ದರೆ. ಅವಳ ಗಂಡ ಫ್ರೆಡ್ ಶ್ಲಾಫ್ಲಿ ಅನುಕೂಲಸ್ಥ ವಕೀಲ. ಕುಡುಕ ಗಂಡನ ಹೆಂಡತಿಗೆ, ಗಂಡ ಬಿಟ್ಟು ಹೋದವಳಿಗೆ ಯಾವ ಸವಲತ್ತು?

ತಮಾಷೆ ಅಂದರೆ ಅವಳ ಸ್ವಂತ ಅಮ್ಮನದೇ ಉದಾಹರಣೆ ಇದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಪ್ಪನ ಕೆಲಸ ಹೋಯಿತು. ಮನೆ ನಡೆಸಿದ್ದು ಅಮ್ಮ, ಸೇಂಟ್ ಲೂಯಿಸ್ ಆರ್ಟ್ ಮ್ಯೂಸಿಯಂನಲ್ಲಿ ಲೈಬ್ರೇರಿಯನ್ ಆಗಿ ದುಡಿದು.

ಶಾಲ್ಮಲೆ:
ಅದನ್ನು ಒಪ್ಪುತ್ತೇನೆ ಮೇಷ್ಟ್ರೇ. ಗೀಟು ಹಾಕಬೇಡಿ ಅಂದೆ, ಅಷ್ಟೇ.

ಮಸಾಲೆಪುರಿ:
ಯಾರೂ ಜಾಮ್ ಕಥೆ ಹೇಳಲೇ ಇಲ್ವಲ್ಲ! ಈಕೆಯ ಪಡೆ ಇಲಿನಾಯ್ ರಾಜ್ಯದ ಶಾಸಕರ ಕೋಣೆಗಳಿಗೆ ಮನೆಯಲ್ಲೇ ಸುಟ್ಟ ಬ್ರೆಡ್ಡು, ಮನೆಯಲ್ಲೇ ಮಾಡಿದ ಜಾಮ್ ಹಿಡಿದುಕೊಂಡು ಹೋಗುತ್ತಿತ್ತು. ಜೊತೆಗೊಂದು ಪ್ರಾಸದ ಚೀಟಿ. ಇಂಗ್ಲಿಷಿನಲ್ಲಿ ಜಾಮ್ ಅಂದರೆ ಬ್ರೆಡ್ಡಿಗೆ ಹಚ್ಚುವುದೂ ಹೌದು, ಇಕ್ಕಟ್ಟೂ ಹೌದು. "ಸಂಸತ್ತು ತಂದಿಟ್ಟ ಜಾಮ್‌ನಿಂದ ನಮ್ಮನ್ನು ಕಾಪಾಡಿ" ಅನ್ನುವ ಅರ್ಥ ಬರುವ ಹಾಗೆ. ಕೋಪದ ಘೋಷಣೆ ಕೇಳಿ ಕೇಳಿ ಸುಸ್ತಾದ ಶಾಸಕನ ಮೇಜಿನ ಮೇಲೆ ಬಿಸಿ ಬ್ರೆಡ್ಡು ಬಂದು ಕೂತರೆ ಅವನಾದರೂ ಏನು ಮಾಡುತ್ತಾನೆ ಹೇಳಿ?

ಗುಂಡಣ್ಣ:
ನಮ್ಮ ವಿಧಾನಸೌಧಕ್ಕೆ ಒಬ್ಬಟ್ಟು ತಗೊಂಡು ಹೋದರೆ ಗೇಟಿನಲ್ಲೇ ಖಾಲಿಯಾಗುತ್ತದೆ.

ಮಸಾಲೆಪುರಿ:
"ತಿದ್ದುಪಡಿ ಬಿಟ್ಟು, ತಿನ್ನಿ ಒಬ್ಬಟ್ಟು." ಹೇಗಿದೆ?

ಗುಂಡಣ್ಣ:
ತುಪ್ಪ ಇಲ್ಲದೆ ಯಾವ ಮತವೂ ಬೀಳಲ್ಲ ಬಿಡಿ.

ಹಳೇಕೋಟು:
ಒಬ್ಬಟ್ಟು ಮುಗಿದಿದ್ದರೆ ಒಂದು ತಿದ್ದುಪಡಿ ನನ್ನದೂ ಇದೆ. "ಒಬ್ಬಳೇ ಕೆಡವಿದಳು" ಅನ್ನುವುದು ಜಾಸ್ತಿಯಾಯಿತು. ಇಲಿನಾಯ್‌ನಲ್ಲಿ ಬರೀ ಬಹುಮತ ಸಾಕಿರಲಿಲ್ಲ, ಐದರಲ್ಲಿ ಮೂರು ಪಾಲು ಬೇಕಿತ್ತು. ಅರ್ಧಕ್ಕಿಂತ ಹೆಚ್ಚು ಮತ ಬಿದ್ದಾಗಲೂ ಅಲ್ಲಿ ಸೋತಿದೆ. ದಕ್ಷಿಣದ ರಾಜ್ಯಗಳಿಗೆ ಕೇಂದ್ರ ಸರ್ಕಾರದ ಕೈ ಉದ್ದವಾಗುವುದೇ ಇಷ್ಟವಿರಲಿಲ್ಲ. ಇನ್ನೂ ಹಿಂದೆ ಹೋದರೆ ಅಧ್ಯಕ್ಷ ರೂಸ್‌ವೆಲ್ಟ್ ಅವರ ಮಡದಿ ಎಲಿನಾರ್ ರೂಸ್‌ವೆಲ್ಟ್ ಕೂಡ ಬಹಳ ಕಾಲ ಈ ತಿದ್ದುಪಡಿಯನ್ನು ವಿರೋಧಿಸಿದ್ದರು. ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರಿಗೆ ಇದ್ದ ರಕ್ಷಣೆಯ ಕಾನೂನುಗಳು ಬಿದ್ದುಹೋಗುತ್ತವೆ ಅನ್ನುವುದು ಅವರ ಚಿಂತೆ. ಅಂದರೆ "ಸವಲತ್ತು ಹೋಗುತ್ತದೆ" ಅನ್ನುವ ವಾದವನ್ನು ಮೊದಲು ಹೂಡಿದ್ದು ಕಾರ್ಮಿಕರ ಪರ ಇದ್ದವರು. ರಿಪಬ್ಲಿಕನ್ ಪಕ್ಷವೋ, 1940ರಲ್ಲೇ ತನ್ನ ಪ್ರಣಾಳಿಕೆಯಲ್ಲಿ ಈ ತಿದ್ದುಪಡಿಗೆ ಬೆಂಬಲ ಬರೆದುಕೊಂಡಿತ್ತು. 1980ರಲ್ಲಿ ಕೈಬಿಟ್ಟಿತು. ಶ್ಲಾಫ್ಲಿಯ ದೊಡ್ಡ ಗೆಲುವು ಅದೇ ಅನ್ನುತ್ತೇನೆ ನಾನು. ತಿದ್ದುಪಡಿ ಸೋತದ್ದಕ್ಕಿಂತ ಪಕ್ಷ ಬದಲಾದದ್ದು ದೊಡ್ಡದು.

ಈಗ ನಮ್ಮ ಸಂವಿಧಾನ ನೋಡಿ. 15ನೇ ವಿಧಿಯ ಮೊದಲ ಖಂಡ ಲಿಂಗದ ಆಧಾರದ ತಾರತಮ್ಯ ಕೂಡದು ಎನ್ನುತ್ತದೆ. ಅದೇ ವಿಧಿಯ ಮೂರನೇ ಖಂಡ, ಹೆಂಗಸರಿಗೂ ಮಕ್ಕಳಿಗೂ ಸರ್ಕಾರ ವಿಶೇಷ ಸೌಲಭ್ಯ ಕೊಡುವುದಕ್ಕೆ ಇದು ಅಡ್ಡಿಯಲ್ಲ ಎನ್ನುತ್ತದೆ. ಸಮಾನತೆಯೂ ಉಂಟು, ಸವಲತ್ತೂ ಉಂಟು. ಅಮೆರಿಕದ ಆ 24 ಪದಗಳಲ್ಲಿ ಈ ಮೂರನೇ ಖಂಡ ಇರಲಿಲ್ಲ. ಶ್ಲಾಫ್ಲಿ ಕೈ ಹಾಕಿದ್ದು ಆ ಬಿರುಕಿಗೆ. ಭಾರತದಲ್ಲಿ ಇದೇ ವಾದ ಹಿಡಿದು ಬಂದಿದ್ದರೆ "15(3) ಓದಿಕೊಂಡು ಬನ್ನಿ ತಾಯಿ" ಎಂದು ಕಳಿಸಬಹುದಿತ್ತು.

ರೆಡ್‌ಬೋರ್ಡ್:
ಅದಕ್ಕೇ ನಮ್ಮಲ್ಲಿ ಹೆಂಗಸರಿಗೆ ಬಸ್ ಫ್ರೀ, ನಾವು ಟಿಕೆಟ್ ತಗೊಂಡು ನಿಂತುಕೊಂಡು ಹೋಗಬೇಕು. ಸಮಾನತೆ ಎಲ್ಲಿ ಸ್ವಾಮಿ?

ಶಾಲ್ಮಲೆ:
ಬಂತಪ್ಪ. ಎಲ್ಲಿ ಶುರುವಾದರೂ ಶಕ್ತಿ ಯೋಜನೆಗೆ ಬಂದು ನಿಲ್ಲಲೇಬೇಕು.

ರೆಡ್‌ಬೋರ್ಡ್:
ತಪ್ಪೇನು ಹೇಳಿದೆ? 2023ರ ಜೂನ್‌ನಿಂದ ನಮ್ಮೂರಿನ ಬಸ್ಸಿನಲ್ಲಿ ನನಗೆ ಸೀಟು ಸಿಕ್ಕಿದ್ದು ಎರಡು ಸಲ. ಎರಡೂ ಸಲ ಮಳೆ.

ಹಳೇಕೋಟು:
ರೆಡ್‌ಬೋರ್ಡ್ ಅವರೇ, ನಿಮ್ಮ ಸೀಟಿಗೆ ಅಡ್ಡ ಬಂದದ್ದು 15(3) ಅಲ್ಲ, ಬಸ್ಸು ಕಮ್ಮಿ ಇರುವುದು.

ಕಟ್ಟೆಯಜಮಾನ (ನಿರ್ವಾಹಕ):
ಬಸ್ಸಿನ ಚರ್ಚೆಗೆ ಬೇರೆ ಎಳೆ ಇದೆ, 400 ಉತ್ತರ ಆಗಿದೆ ಅಲ್ಲಿ. ಇಲ್ಲಿ ಇಳಿದುಕೊಳ್ಳಿ.

ಮಿಸಿಸಿಪ್ಪಿಬದಿ:
ನಾನು ಸೇಂಟ್ ಲೂಯಿಸ್‌ನಲ್ಲಿ 11 ವರ್ಷದಿಂದ ಇದ್ದೇನೆ. ಇಲ್ಲಿಗೆ ಬಂದ ಹೊಸತರಲ್ಲಿ ಶ್ಲಾಫ್ಲಿ ಅಂದರೆ ನನಗೆ ಗೊತ್ತಿದ್ದದ್ದು ಬಿಯರ್ ಮಾತ್ರ! ಊರಿನ ಹೆಮ್ಮೆಯ ಬಿಯರ್. ಆಫೀಸಿನವರು ಮೊದಲ ವಾರವೇ ಕರೆದುಕೊಂಡು ಹೋಗಿದ್ದರು. "ಇದು ಆ ರಾಜಕೀಯದ ಅಮ್ಮನದಾ?" ಅಂತ ಮುಂದೊಂದು ದಿನ ಕೇಳಿದೆ. ಪಕ್ಕದಲ್ಲಿ ಕೂತಿದ್ದವರು ನಕ್ಕು ನಕ್ಕು ಕೆಮ್ಮಿದರು.

ಬ್ರುವರಿ ಶುರು ಮಾಡಿದ್ದು ಟಾಮ್ ಶ್ಲಾಫ್ಲಿ, ಫಿಲಿಸ್ ಗಂಡನ ಕಡೆಯ ಸಂಬಂಧಿ. 1991ರಿಂದ ನಡೆಯುತ್ತಿದೆ. ಅವರು ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ಹೋದಾಗ ಫಿಲಿಸ್ ತಕರಾರು ಹಾಕಿದರು. ನನ್ನ ಹೆಸರು ಕೇಳಿದರೆ ಜನಕ್ಕೆ ಸಂಪ್ರದಾಯದ ಮೌಲ್ಯ ನೆನಪಾಗಬೇಕು, ಹೆಂಡ ಅಲ್ಲ ಅನ್ನುವ ಧಾಟಿಯ ವಾದ. ಅವರು ತೀರಿಕೊಂಡ ಮೇಲೂ ಕೇಸು ನಡೆಯಿತು. 2018ರಲ್ಲಿ ಮೇಲಿನ ಕೋರ್ಟಿನಲ್ಲೂ ಬಿಯರ್ ಗೆದ್ದಿತು. ಸಂವಿಧಾನದ ತಿದ್ದುಪಡಿಯನ್ನು ನಿಲ್ಲಿಸಿದವರಿಗೆ ಮನೆಯವರ ಬಾಟಲಿ ನಿಲ್ಲಿಸಲು ಆಗಲಿಲ್ಲ.

ಅವರು ಮಕ್ಕಳನ್ನು ಬೆಳೆಸಿದ್ದು ನದಿಯಾಚೆ, ಇಲಿನಾಯ್‌ನ ಆಲ್ಟನ್ ಎಂಬ ಊರಿನಲ್ಲಿ.

ಗುಂಡಣ್ಣ:
ಬಿಯರ್ ಹೇಗಿದೆ?

ಮಿಸಿಸಿಪ್ಪಿಬದಿ:
ತಣ್ಣಗೆ ಇದ್ದರೆ ಚೆನ್ನಾಗಿದೆ.

ಉಪ್ಪಿನಕಾಯಿಜಾಡಿ:
ನನಗೆ ಇದನ್ನೆಲ್ಲ ಓದುತ್ತಾ ನಮ್ಮ ದೊಡ್ಡಮ್ಮ ಕಣ್ಣಮುಂದೆ ಬಂದರು. ಹಾಸನದ ಕಡೆ. ಊರಿನ ಮಹಿಳಾ ಸಮಾಜಕ್ಕೆ 18 ವರ್ಷ ಅಧ್ಯಕ್ಷೆ. ಬೆಳಿಗ್ಗೆ ಹತ್ತಕ್ಕೆ ನೈಲಾನ್ ಸೀರೆ ಉಟ್ಟು, ಕಂಕುಳಲ್ಲಿ ಚೀಟಿ ಲೆಕ್ಕದ ಕೆಂಪು ಪುಸ್ತಕ ಸಿಕ್ಕಿಸಿಕೊಂಡು ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ತಹಶೀಲ್ದಾರರನ್ನೂ ಬೈದು ಬಂದವರು. ಆದರೆ ನನಗೆ ಮೈಸೂರಿನಲ್ಲಿ ಪಿ.ಜಿ. ಸೀಟು ಸಿಕ್ಕಾಗ ಮೊದಲು ಬೇಡ ಎಂದವರು ಅವರೇ. "ಹೆಣ್ಣುಮಗು ಮನೆ ಬಿಟ್ಟರೆ ಮನೆ ಮನೆಯಾಗಿ ಉಳಿಯಲ್ಲ ಕಣೇ" ಎಂದರು. ಹೇಳಿದವರೇ ಅವತ್ತು ಮಧ್ಯಾಹ್ನ ಅರಸೀಕೆರೆಗೆ ಬಸ್ಸು ಹತ್ತಿದರು, ಯಾವುದೋ ಸಭೆಗೆ.

ಅವರನ್ನು ಬೂಟಾಟಿಕೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ತಾನು ಹೊರಗೆ ಹೋಗುತ್ತಿರುವುದು ಮನೆಗಳನ್ನು ಉಳಿಸುವುದಕ್ಕೇ ಅಂತ ಪೂರ್ತಿ ನಂಬಿದ್ದರು. ಸಿಟ್ಟು ಮಾತ್ರ ಇವತ್ತಿಗೂ ಇದೆ.

ಬೆಣ್ಣೆದೋಸೆ:
ನೀವು ಪಿ.ಜಿ. ಮಾಡಿದಿರಾ ಅಕ್ಕಾ?

ಉಪ್ಪಿನಕಾಯಿಜಾಡಿ:
ಮಾಡಿದೆ. ಅಪ್ಪ ಒಪ್ಪಿದರು.

ಕಡಲತೀರ:
"ಕ್ರೈಸ್ತ ಸಂಪ್ರದಾಯವಾದಿ" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಅದರೊಳಗೆ ಎಷ್ಟು ಗೋಡೆಗಳಿವೆ ಅಂತ ಹೊರಗಿನವರಿಗೆ ಕಾಣುವುದಿಲ್ಲ. ನಾನು ಮಂಗಳೂರಿನ ಕ್ಯಾಥೊಲಿಕ್. ನಮ್ಮಲ್ಲೇ ನೋಡಿ, 1834ರಲ್ಲಿ ಬಂದ ಬಾಸೆಲ್ ಮಿಶನ್‌ನ ಪ್ರೊಟೆಸ್ಟೆಂಟರು ಬೇರೆ, ನಾವು ಬೇರೆ. ಪೂಜೆ ಬೇರೆ, ಮನೆಮಾತೂ ಹೆಚ್ಚಾಗಿ ಬೇರೆ. ಅಮೆರಿಕದಲ್ಲೂ ಕ್ಯಾಥೊಲಿಕರನ್ನು ಪ್ರೊಟೆಸ್ಟೆಂಟರು ಅನುಮಾನದಿಂದ ನೋಡುವುದು ಹಳೇ ಕಥೆ. 1960ರಲ್ಲಿ ಕೆನಡಿ ಚುನಾವಣೆಗೆ ನಿಂತಾಗ "ನಾನು ಪೋಪ್ ಮಾತು ಕೇಳಿ ದೇಶ ಆಳುವುದಿಲ್ಲ" ಅಂತ ಬಿಡಿಸಿ ಹೇಳಬೇಕಾಯಿತು.

ಅಂಥ ಕಡೆ ಒಬ್ಬ ಕ್ಯಾಥೊಲಿಕ್ ಹೆಂಗಸು ದಕ್ಷಿಣದ ಬ್ಯಾಪ್ಟಿಸ್ಟರನ್ನು, ಯೂಟಾದ ಮಾರ್ಮನ್ನರನ್ನು, ಸಂಪ್ರದಾಯಸ್ಥ ಯಹೂದ್ಯರನ್ನು ಒಂದೇ ಬಸ್ಸಿನಲ್ಲಿ ಕೂರಿಸಿದಳು. (ಸಾರಿ ಯಜಮಾನರೇ, ಮತ್ತೆ ಬಸ್ಸು.) ಬ್ಯಾಪ್ಟಿಸ್ಟ್ ಪಾದ್ರಿ ಜೆರಿ ಫಾಲ್ವೆಲ್ ಅವರ ಮಾರಲ್ ಮೆಜಾರಿಟಿ ಎಂಬ ಸಂಪ್ರದಾಯವಾದಿ ಸಂಘಟನೆ ಹುಟ್ಟಿದ್ದು 1979ರಲ್ಲಿ. ಅದಕ್ಕೆ ಏಳು ವರ್ಷ ಮೊದಲೇ ಈಕೆ ದಾರಿ ಹಾಕಿಕೊಟ್ಟಾಗಿತ್ತು. 1973ರಲ್ಲಿ ಗರ್ಭಪಾತದ ಹಕ್ಕಿನ ತೀರ್ಪು ಬಂದ ಮೇಲಂತೂ ಎರಡನ್ನೂ ಒಂದೇ ಗಂಟು ಹಾಕಿದಳು. ತಿದ್ದುಪಡಿ ಬಂದರೆ ಗರ್ಭಪಾತ, ಸಲಿಂಗಿಗಳ ಮದುವೆ, ಗಂಡಸರಿಗೂ ಹೆಂಗಸರಿಗೂ ಒಂದೇ ಶೌಚಾಲಯ. ಈ ಪಟ್ಟಿ ಹಿಡಿದು ಊರೂರು ಹೋದರು.

ಲೆಕ್ಕದಮೇಷ್ಟ್ರು:
ಆ ಪಟ್ಟಿಯನ್ನು ಇವತ್ತು ತಾಳೆ ನೋಡಿ. ಯುದ್ಧಭೂಮಿಯ ಎಲ್ಲ ಕೆಲಸಗಳನ್ನೂ ಹೆಂಗಸರಿಗೆ ತೆರೆದದ್ದು 2015ರ ಕೊನೆಯಲ್ಲಿ. ಸಲಿಂಗಿಗಳ ಮದುವೆಗೆ ದೇಶಕ್ಕೆಲ್ಲ ಒಪ್ಪಿಗೆ ಸಿಕ್ಕಿದ್ದೂ 2015ರಲ್ಲೇ. ಎರಡೂ ಆ ತಿದ್ದುಪಡಿ ಇಲ್ಲದೆಯೇ ಆದವು! ಗರ್ಭಪಾತದ ತೀರ್ಪು ಮಾತ್ರ 2022ರಲ್ಲಿ ಬಿತ್ತು, ಅದನ್ನು ನೋಡಲು ಆಕೆ ಇರಲಿಲ್ಲ. ಬಾಗಿಲಿಗೆ ಅಡ್ಡ ನಿಂತರು, ಎಲ್ಲ ಕಿಟಕಿಯಿಂದ ಬಂತು.

ಹಳೇಕೋಟು:
ಕಿಟಕಿ ಅಂದರೆ ಅಲ್ಲಿನ ಸಂವಿಧಾನದ 14ನೇ ತಿದ್ದುಪಡಿ, ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡುವಂಥದ್ದು. 1971ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಹಿಡಿದು ಲಿಂಗ ತಾರತಮ್ಯದ ಕಾನೂನೊಂದನ್ನು ಹೊಡೆದುಹಾಕಿತ್ತು. ಮುಂದೆ ಅದೇ ಕೋರ್ಟಿನ ನ್ಯಾಯಮೂರ್ತಿಯಾದ ರುತ್ ಬೇಡರ್ ಗಿನ್ಸ್‌ಬರ್ಗ್ ಆಗ ವಕೀಲೆಯಾಗಿ ಅದರಲ್ಲಿ ಕೆಲಸ ಮಾಡಿದ್ದರು. ಕಡ್ಡಾಯ ಸೈನ್ಯದ ಪಟ್ಟಿಗೆ ಗಂಡಸರ ಹೆಸರು ಮಾತ್ರ ಬರೆದುಕೊಳ್ಳುವುದು ಸರಿ ಎಂದು 1981ರಲ್ಲಿ ತೀರ್ಪಾಯಿತು. ಅದಷ್ಟು ಶ್ಲಾಫ್ಲಿ ಪಾಲಿಗೆ.

ಜೋಳದರೊಟ್ಟಿ (ನ್ಯೂಜೆರ್ಸಿ):
ನೀವೆಲ್ಲ ಬ್ರೆಡ್ಡು ಜಾಮ್ ಅಂತ ಕರಗುತ್ತಿದ್ದೀರಿ. ನಾನು ಎಚ್-1ಬಿ ವೀಸಾದಲ್ಲಿ ಬಂದವನು. ಈಯಮ್ಮ ತಮ್ಮ ಅಂಕಣಗಳಲ್ಲಿ ಎಚ್-1ಬಿ ವಿರುದ್ಧ ವರ್ಷಗಟ್ಟಲೆ ಬರೆದಿದ್ದಾರೆ. ಕಂಪನಿಗಳು ಕಮ್ಮಿ ಸಂಬಳಕ್ಕೆ ಹೊರಗಿನವರನ್ನು ತಂದು ಅಮೆರಿಕದವರ ಕೆಲಸ ಕೀಳುತ್ತಿವೆ ಅನ್ನುವುದು ವಾದ. ಈಗ ಅದೇ ಮಾತು ಎಲ್ಲ ಕಡೆ ಕೇಳುತ್ತದೆ. ಅವರು ಹೇಳುವಾಗ ಅವರ ಪಕ್ಷದ ದೊಡ್ಡ ದೊಡ್ಡವರೇ ಅದನ್ನು ಒಪ್ಪುತ್ತಿರಲಿಲ್ಲ. ಅವರ ಕೈಯಲ್ಲಿ ಅಧಿಕಾರ ಇದ್ದಿದ್ದರೆ ನಾನು ಇವತ್ತು ಕಲಬುರಗಿಯಲ್ಲಿ ಕೂತು ಇದನ್ನು ಓದುತ್ತಿದ್ದೆ.

ಮಸಾಲೆಪುರಿ:
ರೊಟ್ಟಿಯಾದರೂ ಬಿಸಿಬಿಸಿ ಸಿಗುತ್ತಿತ್ತು ಗುರು.

ಜೋಳದರೊಟ್ಟಿ (ನ್ಯೂಜೆರ್ಸಿ):
ಅದೊಂದು ನಿಜ.

ಗುಂಡಣ್ಣ:
ಸರಿ, ನಾನು ಸ್ವಲ್ಪ ಓದಿಕೊಂಡು ಬಂದೆ. ಬೂಟಾಟಿಕೆ ಅನ್ನುವ ಮಾತನ್ನು ಅರ್ಧ ವಾಪಸ್ ತಗೊಳ್ಳುತ್ತೇನೆ. ಈಯಮ್ಮನಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಚೆನ್ನಾಗಿ ಗೊತ್ತಿತ್ತು. ಭಾಷಣಕ್ಕೆ ನಿಂತರೆ ಮೊದಲು "ನನ್ನನ್ನು ಇಲ್ಲಿಗೆ ಬರಲು ಬಿಟ್ಟ ನನ್ನ ಗಂಡ ಫ್ರೆಡ್‌ಗೆ ಥ್ಯಾಂಕ್ಸ್" ಎನ್ನುತ್ತಿದ್ದಳಂತೆ. ಎದುರಿನವರ ಮೈ ಉರಿಯಲಿ ಅಂತಲೇ! 1973ರಲ್ಲಿ ಇಲಿನಾಯ್‌ನ ಒಂದು ವಿಶ್ವವಿದ್ಯಾಲಯದಲ್ಲಿ ಹೆಂಗಸರ ಹೋರಾಟದ ನಾಯಕಿ ಬೆಟ್ಟಿ ಫ್ರೀಡನ್ ಜೊತೆ ಚರ್ಚೆ. ಫ್ರೀಡನ್‌ಗೆ ತಡೆಯಲಾಗದೆ "ನಿನ್ನನ್ನು ಕಂಬಕ್ಕೆ ಕಟ್ಟಿ ಸುಡಬೇಕು" ಎಂದುಬಿಟ್ಟರು. ಈಕೆ ನಗುತ್ತಾ, ನೀವು ಹಾಗಂದದ್ದು ಒಳ್ಳೆಯದೇ ಆಯಿತು, ನಿಮ್ಮ ಕಡೆಯವರ ಬಾಯಿ ಎಂಥದು ಅಂತ ಜನಕ್ಕೆ ಗೊತ್ತಾಯಿತು ಎನ್ನುವ ಅರ್ಥದಲ್ಲಿ ಉತ್ತರ ಕೊಟ್ಟಳು.

ಮಸಾಲೆಪುರಿ:
ಗುಂಡಣ್ಣ ಓದಿದರಂತೆ! ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಕಡಲತೀರ:
ಅದು ಬರೀ ಅವರ ಸ್ವಭಾವ ಅಲ್ಲ, ತರಬೇತಿ. ಟಿವಿಗೆ ಹೋಗುವಾಗ ಯಾವ ಬಣ್ಣ ಉಡಬೇಕು, ಕೆಣಕಿದರೂ ಹೇಗೆ ನಗುತ್ತಿರಬೇಕು, ಅರ್ಧ ನಿಮಿಷದಲ್ಲಿ ಹೇಗೆ ಉತ್ತರ ಕೊಡಬೇಕು ಅಂತ ತಮ್ಮ ಹೆಂಗಸರಿಗೆ ಕೂರಿಸಿ ಕಲಿಸಿದ್ದಾರೆ. 1977ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಸರ್ಕಾರವೇ 50 ಲಕ್ಷ ಡಾಲರ್ ಕೊಟ್ಟು ರಾಷ್ಟ್ರೀಯ ಮಹಿಳಾ ಸಮ್ಮೇಳನ ನಡೆಸಿತು. ಅಧ್ಯಕ್ಷರ ಮಡದಿಯರು ಮೂವರು ವೇದಿಕೆ ಮೇಲೆ, ಸುಮಾರು ಎರಡು ಸಾವಿರ ಪ್ರತಿನಿಧಿಗಳು. ಅದೇ ಊರಿನ ಇನ್ನೊಂದು ಕಡೆ ಶ್ಲಾಫ್ಲಿ ಕಡೆಯವರ ಸಭೆ, ಸುಮಾರು 15 ಸಾವಿರ ಜನ. ಎಷ್ಟೋ ಜನ ರಾತ್ರಿಯಿಡೀ ಪ್ರಯಾಣ ಮಾಡಿ, ಚರ್ಚಿನವರು ಮಾಡಿದ ಬಸ್ಸುಗಳಲ್ಲಿ ಬಂದವರು.

ಕಟ್ಟೆಯಜಮಾನ (ನಿರ್ವಾಹಕ):
ಈ ಬಸ್ಸಿಗೆ ಅನುಮತಿ ಇದೆ.

ಶಾಲ್ಮಲೆ:
ಇಷ್ಟು ಹೊತ್ತು ಆಕೆಯ ಪರ ಮಾತಾಡಿದ ಹಾಗೆ ಕಂಡೆ. ಈಗ ನನಗೆ ತಡೆಯಲಾಗದ್ದು ಹೇಳುತ್ತೇನೆ. 2007ರಲ್ಲಿ ಮೇಯ್ನ್‌ನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ, ಮದುವೆಯಾದರೆ ಹೆಣ್ಣು ಒಪ್ಪಿಗೆ ಕೊಟ್ಟ ಹಾಗೆಯೇ, ಗಂಡ ಮಾಡಿದ್ದನ್ನು ಅತ್ಯಾಚಾರ ಅನ್ನಲಾಗದು ಎಂಬರ್ಥದ ಮಾತು ಆಡಿದರು. ಗೃಹಿಣಿಯ ಗೌರವ ಅಂತ ಜೀವನಪೂರ್ತಿ ಮಾತಾಡಿದವರು! ಮನೆಯೊಳಗೆ ಅವಳಿಗೆ ಬೇಡ ಎನ್ನುವ ಹಕ್ಕೂ ಇಲ್ಲದಿದ್ದರೆ ಅದೆಂಥ ಗೌರವ? ಮರುವರ್ಷ ಅವರು ಓದಿದ ವಾಷಿಂಗ್ಟನ್ ಯೂನಿವರ್ಸಿಟಿ ಗೌರವ ಡಾಕ್ಟರೇಟ್ ಕೊಟ್ಟಾಗ ಎಷ್ಟೋ ವಿದ್ಯಾರ್ಥಿಗಳು, ಅಧ್ಯಾಪಕರು ಎದ್ದು ಬೆನ್ನು ತಿರುಗಿಸಿ ನಿಂತರು. ನಾನಿದ್ದರೆ ನಾನೂ ತಿರುಗುತ್ತಿದ್ದೆ.

ಹಳೇಕೋಟು:
ಶಾಲ್ಮಲೆಯವರೇ, ಅದನ್ನು ಅಮೆರಿಕದ ಮುದುಕಿಯೊಬ್ಬರ ಮಾತು ಅಂತ ಬಿಡುವಂತಿಲ್ಲ. ನಮ್ಮ ಕಾನೂನಿನಲ್ಲಿ ಇವತ್ತಿಗೂ ಅದೇ ವಿನಾಯಿತಿ ಇದೆ. ಐಪಿಸಿ 375ರಲ್ಲಿ ಇತ್ತು, ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 63ರಲ್ಲೂ ಇದೆ. 2022ರ ಮಾರ್ಚ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಗಂಡನ ಮೇಲಿದ್ದ ಅತ್ಯಾಚಾರದ ಆರೋಪ ಕೈಬಿಡಲು ಒಪ್ಪಲಿಲ್ಲ. ಗಂಡನಾದರೂ ಗಂಡಸು ಗಂಡಸೇ, ಕೃತ್ಯ ಕೃತ್ಯವೇ ಎನ್ನುವುದು ಅದರ ಸಾರ. ಆಮೇಲೆ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಂತು.

ರೆಡ್‌ಬೋರ್ಡ್:
ಇದರಲ್ಲಿ ನಾನೂ ಶಾಲ್ಮಲೆ ಮೇಡಂ ಕಡೆ.

ಮಿಸಿಸಿಪ್ಪಿಬದಿ:
ಕೊನೆಗಾಲದ ಕಥೆ ಯಾರೂ ಹೇಳಿಲ್ಲ. 2016ರ ಮಾರ್ಚ್‌ನಲ್ಲಿ ಟ್ರಂಪ್‌ಗೆ ಬೆಂಬಲ ಕೊಟ್ಟರು, ಇಲ್ಲೇ ಸೇಂಟ್ ಲೂಯಿಸ್‌ನ ಸಭೆಯಲ್ಲಿ. ಆಗ 91 ವರ್ಷ. ಮೂರು ಮದುವೆಯಾದ ಮನುಷ್ಯನಿಗೆ ಕುಟುಂಬದ ಮೌಲ್ಯದ ಅಜ್ಜಿ ಬೆಂಬಲ! ಅವರದೇ ಸಂಸ್ಥೆ ಈಗಲ್ ಫೋರಂ ಒಡೆದುಹೋಯಿತು. ಅವರ ಮಗಳೂ ಸೇರಿ ಆರು ಮಂದಿ ನಿರ್ದೇಶಕರು ಎದುರು ನಿಂತರು. ಆದರೆ 1964ರ ಆ ಪುಸ್ತಕ ಓದಿದವರಿಗೆ ಆಶ್ಚರ್ಯ ಆಗಲಿಕ್ಕಿಲ್ಲ. ದುಡ್ಡಿರುವ ದೊಡ್ಡವರು ಪಕ್ಷ ಹಿಡಿದಿಟ್ಟುಕೊಂಡಿದ್ದಾರೆ, ಅವರನ್ನು ಒದೆಯಬೇಕು ಅನ್ನುವುದು ಅವರ 52 ವರ್ಷ ಹಳೆಯ ಮಾತು. ಟ್ರಂಪ್ ಬಾಯಲ್ಲಿ ಅದೇ ಕೇಳಿಸಿತು.

ಸೆಪ್ಟೆಂಬರ್ 5ರಂದು ತೀರಿಕೊಂಡರು. ಟ್ರಂಪ್ ಬೆಂಬಲಿಸಿ ಬರೆದ ಪುಸ್ತಕ ಮಾರನೇ ದಿನ ಅಂಗಡಿಗೆ ಬಂತು. ಇಲ್ಲಿನ ಕ್ಯಾಥೆಡ್ರಲ್ ಬೆಸಿಲಿಕಾದಲ್ಲಿ ಅಂತ್ಯಸಂಸ್ಕಾರದ ಪೂಜೆ, ಟ್ರಂಪ್ ಬಂದು ಮಾತಾಡಿದರು.

ಬೆಣ್ಣೆದೋಸೆ:
ಆ ತಿದ್ದುಪಡಿ ಈಗ ಪೂರ್ತಿ ಸತ್ತಂತೆಯಾ?

ಹಳೇಕೋಟು:
ಸತ್ತಿದೆ ಅನ್ನುವವರೂ ಇದ್ದಾರೆ, ಉಸಿರಾಡುತ್ತಿದೆ ಅನ್ನುವವರೂ ಇದ್ದಾರೆ. 2017ರಲ್ಲಿ ನೆವಾಡ, 2018ರಲ್ಲಿ ಇಲಿನಾಯ್, 2020ರಲ್ಲಿ ವರ್ಜೀನಿಯಾ ಒಪ್ಪಿದವು. ಹೌದು, ಜಾಮ್ ತಿಂದ ಅದೇ ಇಲಿನಾಯ್! ಲೆಕ್ಕಕ್ಕೆ 38 ಆಯಿತು. ಆದರೆ ಗಡುವು ಮುಗಿದು ಎಷ್ಟೋ ಕಾಲವಾಗಿತ್ತು, ಐದು ರಾಜ್ಯ ಹಿಂದೆ ಸರಿದಿದ್ದವು. 2025ರ ಜನವರಿಯಲ್ಲಿ ಬೈಡನ್ ಇಳಿಯುವ ಮೂರು ದಿನ ಮೊದಲು "ಇದು 28ನೇ ತಿದ್ದುಪಡಿ" ಎಂದು ಹೇಳಿಕೆ ಕೊಟ್ಟರು. ತಿದ್ದುಪಡಿಯನ್ನು ಅಧಿಕೃತವಾಗಿ ಪ್ರಕಟಿಸಬೇಕಾದ ರಾಷ್ಟ್ರೀಯ ಪತ್ರಾಗಾರದ ಮುಖ್ಯಸ್ಥರು ಪ್ರಕಟಿಸಲಿಲ್ಲ. ಸಂವಿಧಾನದ ಪುಸ್ತಕದಲ್ಲಿ ಆ 24 ಪದ ಇನ್ನೂ ಅಚ್ಚಾಗಿಲ್ಲ.

ಗುಂಡಣ್ಣ:
1970ರ ಚುನಾವಣೆಯದ್ದು ಒಂದು ಬಿಟ್ಟುಹೋಯಿತು. ಎದುರಾಳಿ "ಈಕೆ ಮನೆಯಲ್ಲಿ ಇರಬೇಕಾದವಳು" ಅಂತ ಆಡಿದ್ದಕ್ಕೆ ಈಕೆ, ಹೌದು, ಹೆಣ್ಣಿನ ಜಾಗ "ಹೌಸ್"ನಲ್ಲೇ, ಅಂದರೆ ಸಂಸತ್ತಿನ ಸದನದಲ್ಲಿ ಎಂದಳಂತೆ. ಕನ್ನಡದಲ್ಲೂ ಸದನ ಅಂದರೆ ಮನೆಯೇ ಅಲ್ವಾ? ಆ ಹೆಂಗಸು ಎರಡು ವರ್ಷ ಆದ ಮೇಲೆ ಇನ್ನೊಂದು ಕಡೆ ನಿಂತಳು ನೋಡಿ. ಆ ಚುನಾವಣೆ ಗೆದ್ದಿದ್ದರೆ?

ಲೆಕ್ಕದಮೇಷ್ಟ್ರು:
ಗೆದ್ದಿದ್ದರೆ ರಕ್ಷಣಾ ಸಮಿತಿಯಲ್ಲಿ ಕೂತು ಕ್ಷಿಪಣಿ ಎಣಿಸುತ್ತಿದ್ದರು. ಈ ತಿದ್ದುಪಡಿಯ ತಂಟೆಗೇ ಬರುತ್ತಿರಲಿಲ್ಲ.

ಶಾಲ್ಮಲೆ:
ಬೆಣ್ಣೆದೋಸೆಯವರ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಅಡುಗೆ ಯಾರು ಮಾಡುತ್ತಿದ್ದರು?

ಕಡಲತೀರ:
ಆರು ಮಕ್ಕಳಿಗೂ ಶಾಲೆಗೆ ಕಳಿಸುವ ಮೊದಲು ಓದಲು ಕಲಿಸಿದ್ದು ತಾನೇ ಅಂತ ಹೆಮ್ಮೆಯಿಂದ ಹೇಳುತ್ತಿದ್ದರು. ಮನೆಗೆಲಸಕ್ಕೆ ಸಹಾಯಕ್ಕೆ ಜನ ಇದ್ದರು. ವಕೀಲರ ಮನೆ ಅಲ್ಲವಾ.

ಉಪ್ಪಿನಕಾಯಿಜಾಡಿ:
ಇದನ್ನು ಓದಿ ತಡೆಯಲಾರದೆ ಈಗ ದೊಡ್ಡಮ್ಮನಿಗೆ ಫೋನ್ ಮಾಡಿದೆ. 84 ವರ್ಷ, ಕಿವಿ ಸ್ವಲ್ಪ ಮಂದ. "ದೊಡ್ಡಮ್ಮಾ, ನೀವು ಸಮಾಜ, ಮೀಟಿಂಗು ಅಂತ ಹೋಗುವಾಗ ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದರು?" ಅಂತ ಜೋರಾಗಿ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಕೇಳಿಸಲಿಲ್ಲವೇನೋ ಅಂದುಕೊಂಡೆ.

"ನಿಮ್ಮಮ್ಮ" ಎಂದರು.

ಬೆಣ್ಣೆದೋಸೆ:
ಅಯ್ಯೋ.

ಗುಂಡಣ್ಣ:
ಅಮ್ಮನಿಗೆ ಈ ಎಳೆ ಓದಿ ಹೇಳಿ ಅಕ್ಕ.